ಲಂಕೆಗೆ ಹೊರಟವರು ಕೆರೆ ಏರಿ ಹಿಡಿದು ಹೋಗಿ

ಹೆಬ್ಬಾಳದ ಮೇಲ್ಸೇತುವೆ ಇಳಿದು ಬಳ್ಳಾರಿ ರಸ್ತೆ ಹಿಡಿದವರಿಗೆ ಶ್ರೀಲಂಕಾ ದೂರದ ದೇಶವೇನಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಕೊಲಂಬೊಗೆ ಆಕಾಶಮಾರ್ಗದಲ್ಲಿ ಸುಮಾರು 700 ಕಿ.ಮೀ.; ಮುಂಬೈಗಿಂತ ಹತ್ತಿರ, ಬಸ್ಸಿನಲ್ಲಿ ಬೀದರಿಗೆ ಹೋದಷ್ಟೇ ದೂರ. ಗಡಿಯಾರ ತಿದ್ದುವ ಕೆಲಸವೂ ಇಲ್ಲ, ಎರಡೂ ಕಡೆ ಒಂದೇ ಸಮಯ. ಹಾಗಾಗಿಯೇ ಯಲಹಂಕ, ಸಹಕಾರನಗರ, ಆರ್.ಟಿ. ನಗರ, ಯಶವಂತಪುರದ ಕಡೆಯ ಮಧ್ಯಮ ವರ್ಗದ ಕುಟುಂಬಗಳು ಮೊದಲ ವಿದೇಶ ಪ್ರವಾಸದ ಮಾತು ತೆಗೆದಾಗ ಲಂಕೆಯ ಹೆಸರು ಬಂದೇ ಬರುತ್ತದೆ. ಟ್ರಾವೆಲ್ ಏಜೆಂಟರ ಬಳಿ ಸಿದ್ಧ ಪ್ಯಾಕೇಜೂ ಇರುತ್ತದೆ: ಕೊಲಂಬೊ, ಕ್ಯಾಂಡಿ, ನುವರ ಎಲಿಯ, ಬೆಂತೋಟದ ಕಡಲ ದಂಡೆ, ವಾಪಸು. ಈ ಪ್ಯಾಕೇಜಿನಲ್ಲಿ ಸುಳ್ಳೇನೂ ಇಲ್ಲ, ಆದರೆ ಆ ದ್ವೀಪದ ಕಥೆಯ ಮೊದಲ ಒಂದೂವರೆ ಸಾವಿರ ವರ್ಷ ಅದರಲ್ಲಿ ಇಲ್ಲ. ಏಳೆಂಟು ದಿನದ ಪ್ರವಾಸದಲ್ಲಿ ಅರ್ಧಕ್ಕಿಂತ ಹೆಚ್ಚು ದಿನಗಳನ್ನು ಉತ್ತರ ಮಧ್ಯ ಭಾಗದ ಒಣ ನಾಡಿಗೆ, ಅಂದರೆ ಅನುರಾಧಪುರ, ಕಲಾವೆವ, ಸಿಗಿರಿಯ, ಪೊಲನ್ನರುವಕ್ಕೆ ಕೊಡಬೇಕು, ಅದನ್ನು ಕೆರೆಗಳ ನಾಡೆಂದು ನೋಡಬೇಕು ಎಂಬುದು ಈ ಲೇಖನದ ವಾದ. ಉತ್ತರ ಬೆಂಗಳೂರಿನವರಿಗೆ ಇದನ್ನು ವಿಶೇಷವಾಗಿ ಹೇಳಲು ಕಾರಣವಿದೆ. ಯಲಹಂಕ, ಜಕ್ಕೂರು, ರಾಚೇನಹಳ್ಳಿ, ಹೆಬ್ಬಾಳ, ನಾಗವಾರ, ಮತ್ತಿಕೆರೆ ಎಂಬ ಊರುಗಳಲ್ಲಿ ಮನೆ ಮಾಡಿದವರು ಕೆರೆಗಳ ಸರಪಳಿಯ ಮೇಲೆಯೇ ಬದುಕುತ್ತಿದ್ದಾರೆ. ಆ ಸರಪಳಿ ಇಡಿಯಾಗಿ ಕೆಲಸ ಮಾಡುವುದು ಹೇಗೆ ಎಂಬುದನ್ನು ನೋಡಲು ಒಂದೂವರೆ ಗಂಟೆಯ ವಿಮಾನ ಪ್ರಯಾಣ ಸಾಕು.

ಮೊದಲು ನೆಲದ ಲೆಕ್ಕ. ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿ.ಮೀ., ಕರ್ನಾಟಕದ ಮೂರನೆಯ ಒಂದು ಪಾಲು. ನೈರುತ್ಯದ ಮೂಲೆಯೂ ನಡುವಿನ ಬೆಟ್ಟಗಳೂ ಮಲೆನಾಡಿನಂತೆ ನೆನೆಯುತ್ತವೆ. ಉಳಿದ ಬಹುಪಾಲಿಗೆ ಒಣ ವಲಯ ಎಂದು ಹೆಸರು. ಆದರೆ ಅಲ್ಲಿನ ಒಣ ವಲಯ ನಮ್ಮ ಚಳ್ಳಕೆರೆಯಲ್ಲ. ವರ್ಷಕ್ಕೆ 1,750 ಮಿ.ಮೀ.ಗಿಂತ ಕಡಿಮೆ ಮಳೆ ಬಿದ್ದರೆ ಅಲ್ಲಿ ಒಣ ನಾಡು. ಬೆಂಗಳೂರಿಗೆ ಬೀಳುವುದೇ ಸುಮಾರು 970. ಸಮಸ್ಯೆ ಮಳೆಯ ಮೊತ್ತದ್ದಲ್ಲ, ಹಂಚಿಕೆಯದು. ಅಕ್ಟೋಬರಿನಿಂದ ಜನವರಿಯವರೆಗೆ ಈಶಾನ್ಯ ಮಾರುತದಲ್ಲಿ ಹೆಚ್ಚಿನ ಪಾಲು ಸುರಿದುಹೋಗಿ, ಉಳಿದ ತಿಂಗಳುಗಳಲ್ಲಿ ಬಿಸಿಲು ನೀರನ್ನು ಕುಡಿಯುತ್ತದೆ. ಭತ್ತ ಉಣ್ಣುವ ಜನ ಅಲ್ಲಿ ನೆಲೆಯೂರಬೇಕಾದರೆ ಆ ನಾಲ್ಕು ತಿಂಗಳ ನೀರನ್ನು ವರ್ಷಪೂರ್ತಿ ಹಿಡಿದಿಡಬೇಕು. ಬೆಟ್ಟದ ಹಸಿರನ್ನು ಬಿಟ್ಟು ಈ ಬಯಲಿನಲ್ಲೇ ಅನುರಾಧಪುರ, ಪೊಲನ್ನರುವ ಎಂಬ ಎರಡು ರಾಜಧಾನಿಗಳು ಒಂದರ ನಂತರ ಒಂದರಂತೆ ಏಕೆ ಬೆಳೆದವು ಎಂಬ ಪ್ರಶ್ನೆಗೆ ಉತ್ತರ ಕೆರೆಯಲ್ಲಿದೆ.

ಅಲ್ಲಿಯ ಹಳ್ಳಿಯ ಕೆರೆ ಒಂಟಿ ಕೆರೆಯಲ್ಲ. ಒಂದು ಚಿಕ್ಕ ಕಣಿವೆಯಲ್ಲಿ ಮೇಲಿನ ಕೆರೆಯ ಕೋಡಿ ನೀರೂ ಅದರ ಗದ್ದೆಗಳಿಂದ ಬಸಿದ ನೀರೂ ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ ಇಳಿಯುವ ಸಾಲು ಅದು. ಭೂಗೋಳ ವಿದ್ವಾಂಸ ಮದ್ದುಮ ಬಂಡಾರ 1985ರಲ್ಲಿ ಈ ಸಾಲನ್ನು ಒಂದೇ ವ್ಯವಸ್ಥೆಯೆಂದು ವಿವರಿಸಿದರು. 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಅದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕೆರೆಯ ಸುತ್ತ ನಡೆದು ನೋಡಿದರೆ ಅದರ ಅಂಗಾಂಗಗಳು ಕಾಣುತ್ತವೆ. ನೀರು ಬರುವ ಕಡೆ ಹೂಳು ತಡೆಯಲು ಹುಲ್ಲಿನ ಪಟ್ಟಿ, ಅದರ ಮೇಲೆ ಗಾಳಿಯನ್ನೂ ಆವಿಯನ್ನೂ ತಡೆಯುವ ಮರಗಳ ತೋಪು. ಇನ್ನೂ ಮೇಲೆ, ಗದ್ದೆಗೆ ಎಂದೂ ನೀರು ಕೊಡದ ಸಣ್ಣ ಕುಂಟೆ. ಹೂಳು ಅಲ್ಲೇ ನಿಲ್ಲುತ್ತದೆ, ಕಾಡುಪ್ರಾಣಿಗೆ ಅಲ್ಲೇ ನೀರು ಸಿಗುತ್ತದೆ. ಏರಿಯ ಕೆಳಗೆ, ಗದ್ದೆಗೂ ಏರಿಗೂ ನಡುವೆ, ಜಿನುಗುವ ನೀರಿನ ಉಪ್ಪನ್ನು ಹೀರಲೆಂದೇ ಬಿಟ್ಟ ಪೊದೆಗಳ ಜಾಗ. ಬರಗಾಲದಲ್ಲಿ ಏರಿಗೆ ಹತ್ತಿರದ ಗದ್ದೆಗಳನ್ನು ಮಾತ್ರ ಬಿತ್ತಿ, ಅದನ್ನು ಊರಿನ ಎಲ್ಲ ಒಕ್ಕಲುಗಳೂ ಹಂಚಿಕೊಳ್ಳುವ ಪದ್ಧತಿ ಇದೆ, ಬೆತ್ಮ ಎನ್ನುತ್ತಾರೆ. ನಮ್ಮ ನೀರುಗಂಟಿಯಂತೆ ಅಲ್ಲಿಯೂ ವೆಲ್ ವಿದಾನೆ ಎಂಬ ಹುದ್ದೆ 1958ರವರೆಗೂ ಇತ್ತು. ಕೋಡಿ, ತೂಬು, ಅಚ್ಚುಕಟ್ಟು, ಗೋಕಟ್ಟೆ, ಗುಂಡುತೋಪು ಎಂಬ ಮಾತುಗಳನ್ನು ಅಜ್ಜಂದಿರ ಬಾಯಲ್ಲಿ ಕೇಳಿ, ಅವು ಒಂದಕ್ಕೊಂದು ಹೇಗೆ ಕೂಡುತ್ತಿದ್ದವೆಂದು ತಿಳಿಯದ ತಲೆಮಾರಿಗೆ ಇದು ಕಣ್ಣಾರೆ ಸಿಗುವ ಪಾಠ.

ಪ್ರವಾಸವನ್ನು ಅನುರಾಧಪುರದಿಂದ ಆರಂಭಿಸುವುದು ಒಳ್ಳೆಯದು. ವಿಮಾನ ಇಳಿಯುವ ಕಟುನಾಯಕ ಕೊಲಂಬೊದಿಂದ ಸುಮಾರು 30 ಕಿ.ಮೀ. ಉತ್ತರಕ್ಕಿದೆ, ಹಾಗಾಗಿ ಒಣ ನಾಡಿಗೆ ಹೋಗುವವರು ಕೊಲಂಬೊದ ಟ್ರಾಫಿಕ್ಕಿಗೆ ಸಿಕ್ಕಿಬೀಳಬೇಕಾದ್ದೇ ಇಲ್ಲ. ಸಂಜೆ ಇಳಿದರೆ ಪಕ್ಕದ ನೆಗೊಂಬೊದಲ್ಲಿ ತಂಗಿ, ಬೆಳಗ್ಗೆ ಚಾಲಕನಿರುವ ಕಾರು ಮಾಡಿಕೊಂಡು ಹೊರಡಬಹುದು. ಖರ್ಚು ಉಳಿಸಬೇಕೆಂದರೆ ಕೊಲಂಬೊ ಫೋರ್ಟ್ ನಿಲ್ದಾಣದಿಂದ ಅನುರಾಧಪುರಕ್ಕೆ ನೇರ ರೈಲಿದೆ. ಊರಿನೊಳಗಿನ ಬಸವಕ್ಕುಳಮ ಕೆರೆಯನ್ನು ಕ್ರಿಸ್ತಪೂರ್ವ 4ನೆಯ ಶತಮಾನದ ಪಾಂಡುಕಾಭಯನ ಕಾಲದ್ದೆಂದೂ ತಿಸ್ಸವೆವವನ್ನು ಅದರ ಮುಂದಿನ ಶತಮಾನದ ದೇವಾನಂಪ್ರಿಯ ತಿಸ್ಸನದೆಂದೂ ಪರಂಪರೆ ಹೇಳುತ್ತದೆ. ಅಶೋಕನ ಮಗಳು ಸಂಘಮಿತ್ತೆ ತಂದ ಬೋಧಿವೃಕ್ಷದ ಸಸಿ ನೆಟ್ಟದ್ದೂ ಈ ತಿಸ್ಸನ ಕಾಲದಲ್ಲೇ. ಆ ಮರ ಇಂದಿಗೂ ಪೂಜೆ ಪಡೆಯುತ್ತಿದೆ. ಇಲ್ಲಿ ಕನ್ನಡಿಗರು ನೆನೆಯಬೇಕಾದ ಒಂದು ವಿಷಯವಿದೆ. ಶಾಸನಗಳಲ್ಲಿ ಬರುವ ‘ಪ್ರಿಯದರ್ಶಿ’ ಯಾರೆಂದು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ತಲೆ ಕೆರೆದುಕೊಳ್ಳುತ್ತಿದ್ದಾಗ, 1837ರಲ್ಲಿ ಜಾರ್ಜ್ ಟರ್ನರ್ ಲಂಕೆಯ ಪಾಳಿ ವಂಶಕಥೆಯ ಆಧಾರದಿಂದ ಅವನು ಅಶೋಕನೇ ಎಂದ. ಅದಕ್ಕೆ ಕಲ್ಲಿನ ಸಾಕ್ಷಿ ಒದಗಿಸಿದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನ. ಅನುರಾಧಪುರದ ಮರದ ಕೆಳಗೆ ನಿಂತವರು ಮಸ್ಕಿಯ ಬಂಡೆಯನ್ನು ನೋಡಿಲ್ಲವೆಂದರೆ, ಮರಳಿದ ಮೇಲೆ ಅದಕ್ಕೂ ಒಂದು ದಿನ ಇಡಬೇಕು.

ಅನುರಾಧಪುರದ ಜನಕ್ಕೆ ಊರ ಕೆರೆಗಳು ಸಾಲದಾದಾಗ 5ನೆಯ ಶತಮಾನದಲ್ಲಿ ಧಾತುಸೇನನೆಂಬ ದೊರೆ ದಕ್ಷಿಣದಲ್ಲಿ ಕಲಾವೆವ ಕಟ್ಟಿಸಿದ. ಅಲ್ಲಿಂದ ತಿಸ್ಸವೆವಕ್ಕೆ 87 ಕಿ.ಮೀ. ಉದ್ದದ ಕಾಲುವೆಯನ್ನೂ ತೆಗೆಸಿದ. ಯೋಧ ಎಲ ಎಂಬ ಈ ಕಾಲುವೆಯ ಮೊದಲ 27 ಕಿ.ಮೀ.ಗಳಲ್ಲಿ ಇಳಿಜಾರು ಕಿಲೋಮೀಟರಿಗೆ ಹತ್ತು ಸೆಂಟಿಮೀಟರ್‌ಗಿಂತಲೂ ಕಡಿಮೆ. ಅದಕ್ಕೆ ಏರಿ ಇರುವುದು ಒಂದೇ ದಡದಲ್ಲಿ. ಇನ್ನೊಂದು ಬದಿಯ ಇಳಿಜಾರಿನಿಂದ ಹರಿದು ಬಂದ ಮಳೆನೀರೂ ಅದರೊಳಕ್ಕೇ ಸೇರುತ್ತದೆ. ಲೆವೆಲ್ ಯಂತ್ರವಿಲ್ಲದ ಕಾಲದಲ್ಲಿ ಇದನ್ನು ಹೇಗೆ ಅಳೆದರೆಂದು ಇಂದಿನ ಎಂಜಿನಿಯರರೂ ಬೆರಗುಪಡುತ್ತಾರೆ. ಪ್ಯಾಕೇಜುಗಳಲ್ಲಿ ಕಲಾವೆವದ ಹೆಸರೇ ಇರುವುದಿಲ್ಲ. ಹೋದವರು ಏರಿಯ ಮೇಲಿನ ರಸ್ತೆಯಲ್ಲಿ ಹೊಳೆಮತ್ತಿ ಮರಗಳ ನೆರಳಿನಲ್ಲಿ ಸಾಗಿ, ಹತ್ತಿರದ ಅವುಕನದಲ್ಲಿ ಬಂಡೆಯಲ್ಲೇ ಕಡೆದು ನಿಲ್ಲಿಸಿದ ಹನ್ನೆರಡು ಮೀಟರಿಗೂ ಎತ್ತರದ ಬುದ್ಧನನ್ನು ನೋಡಬೇಕು. ಶ್ರವಣಬೆಳಗೊಳ ಕಂಡ ಕಣ್ಣಿಗೆ ಅದರ ಹೋಲಿಕೆಯೂ ವ್ಯತ್ಯಾಸವೂ ಎರಡೂ ಹೊಳೆಯುತ್ತವೆ. ಹಳೆಯ ಲಂಕೆಯ ಕೆರೆಗಳಲ್ಲಿ ಗಮನಿಸಬೇಕಾದ ಇನ್ನೊಂದು ಭಾಗ ಬಿಸೋಕೊಟುವ. ಏರಿಯ ಒಳಮೈಯಲ್ಲಿ ಚೌಕಾಕಾರದ ಕಲ್ಲಿನ ಬಾವಿಯೊಂದನ್ನು ಕಟ್ಟಿ, ಕೆರೆಯ ನೀರು ಅದರೊಳಗೆ ಬಂದು ರಭಸ ಕಳೆದುಕೊಂಡ ಮೇಲೆ ಏರಿಯಡಿಯ ಸುರಂಗದಿಂದ ಹೊರಹೋಗುವಂತೆ ಮಾಡಿದ ತೂಬು ಅದು. ಎರಡು ಕಲ್ಲುಕಂಬಗಳ ನಡುವೆ ಮರದ ಗೂಟ ಎತ್ತಿ ಇಳಿಸುವ ನಮ್ಮ ತೂಬು ಸಣ್ಣ ಕೆರೆಗೆ ಸಾಕು. ಹತ್ತಾರು ಅಡಿ ನೀರಿನ ಒತ್ತಡ ತಡೆದು ಬೇಕಾದಷ್ಟೇ ಬಿಡಬೇಕಾದರೆ ಇಂಥ ಬಾವಿ ಬೇಕು. ಬ್ರಿಟಿಷರ ಕಾಲದ ನೀರಾವರಿ ಎಂಜಿನಿಯರ್ ಹೆನ್ರಿ ಪಾರ್ಕರ್ ಇದರ ಹಿಂದಿನ ಬುದ್ಧಿಯನ್ನು 1909ರ ತನ್ನ ಪುಸ್ತಕದಲ್ಲಿ ಹೊಗಳಿದ್ದಾನೆ.

ಧಾತುಸೇನನ ಕೊನೆ ದುರಂತದ್ದು, ಅದನ್ನು ತಿಳಿದು ಸಿಗಿರಿಯ ಹತ್ತಿದರೆ ಬಂಡೆ ಬೇರೆಯದೇ ಆಗಿ ಕಾಣುತ್ತದೆ. ಮಗ ಕಾಶ್ಯಪ ತಂದೆಯನ್ನು ಸೆರೆಹಿಡಿದು ನಿಧಿ ಎಲ್ಲಿದೆ ಎಂದು ಪೀಡಿಸಿದಾಗ, ಮುದುಕ ತನ್ನನ್ನು ಕಲಾವೆವಕ್ಕೆ ಕರೆದೊಯ್ಯಲು ಹೇಳಿ, ಮಿಂದು, ತನಗಿರುವ ಸಂಪತ್ತೆಲ್ಲ ಈ ನೀರೇ ಎಂದನೆಂದು ವಂಶಕಥೆ ಹೇಳುತ್ತದೆ. ಮಗ ಅವನನ್ನು ಕೊಲ್ಲಿಸಿ, ಸೇಡಿಗೆ ಹೆದರಿ ಸಿಗಿರಿಯದ ಬಂಡೆಯ ಮೇಲೆ ಅರಮನೆ ಕಟ್ಟಿಕೊಂಡ. ಪ್ರವಾಸಿಗಳು ಅಲ್ಲಿನ ಚಿತ್ರಗಳನ್ನು ನೋಡಲು ಓಡುತ್ತಾರೆ. ಆದರೆ ಬುಡದಲ್ಲಿರುವ ನೀರಿನ ತೋಟಗಳ ಕಾರಂಜಿಗಳು, ನೆಲದಡಿಯ ಕೊಳವೆಗಳ ಒತ್ತಡದಿಂದಲೇ, ಮಳೆಗಾಲದಲ್ಲಿ ಇಂದಿಗೂ ಚಿಮ್ಮುತ್ತವೆ. ತಂದೆಯನ್ನು ಕೊಂದವನು ತಂದೆಯ ವಿದ್ಯೆಯನ್ನು ಬಿಡಲಿಲ್ಲ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಬಾಗಿಲು ತೆರೆಯುವ ಹೊತ್ತಿಗೇ ಹತ್ತಬೇಕು. ಕಣಜದ ಗೂಡುಗಳಿರುವ ಕಡೆ ಸದ್ದು ಮಾಡಬೇಡಿ ಎಂಬ ಫಲಕ ತಮಾಷೆಗೆ ಹಾಕಿದ್ದಲ್ಲ. ಮಂಡಿನೋವಿನ ಹಿರಿಯರು ಕೆಳಗಿನ ತೋಟಗಳನ್ನು ಸಾವಕಾಶವಾಗಿ ನೋಡಿದರೂ ಬಂದದ್ದು ಸಾರ್ಥಕ.

ಪೊಲನ್ನರುವದಲ್ಲಿ ಕರ್ನಾಟಕದ ಇತಿಹಾಸ ನೇರವಾಗಿ ಎದುರಾಗುತ್ತದೆ. ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಆಳ್ವಿಕೆಯ ಕಾಲದ್ದು. ಆ ಗಂಗವಾಡಿಯನ್ನು ಚೋಳರು ನುಂಗಿದ್ದು 1004ರ ಸುಮಾರಿಗೆ. ಅದಕ್ಕೆ ಹತ್ತೇ ವರ್ಷ ಮೊದಲು, 993ರಲ್ಲಿ, ರಾಜರಾಜನ ಸೇನೆ ಅನುರಾಧಪುರವನ್ನು ಹಾಳುಗೆಡವಿ ಪೊಲನ್ನರುವವನ್ನು ತನ್ನ ಕೇಂದ್ರ ಮಾಡಿಕೊಂಡಿತ್ತು. ಅಲ್ಲಿರುವ ಎರಡನೆಯ ಶಿವ ದೇವಾಲಯ ಆ ಕಾಲದ ಚೋಳ ಗುಡಿ. ಬೆಂಗಳೂರಿನ ಸುತ್ತಮುತ್ತ ತಮಿಳು ಶಾಸನಗಳಿರುವ ಗುಡಿಗಳನ್ನು ಕಂಡವರಿಗೆ ಅದು ಪರಿಚಿತವೆನಿಸುತ್ತದೆ. 1070ರಲ್ಲಿ ಚೋಳರನ್ನು ಓಡಿಸಿದ ವಿಜಯಬಾಹು, ಶತ್ರುವಿನ ಶತ್ರುವೆಂದು ಕರ್ಣಾಟದ ದೊರೆಯೊಡನೆ ಸ್ನೇಹ ಬೆಳೆಸಿದ. ಅತ್ತ ಕಡೆ ಕಲ್ಯಾಣದ ಚಾಲುಕ್ಯರಿದ್ದರು. ಕಾಣಿಕೆ ಹೊತ್ತು ಕನ್ನಡ ನಾಡಿಗೆ ಹೊರಟಿದ್ದ ಸಿಂಹಳ ದೂತರ ಮೂಗು ಕಿವಿಗಳನ್ನು ಚೋಳರು ನಡುದಾರಿಯಲ್ಲಿ ಕೊಯ್ದರೆಂದೂ, ಅದು ಯುದ್ಧದ ಸಿದ್ಧತೆಗೆ ಕಾರಣವಾಯಿತೆಂದೂ ಲಂಕೆಯ ವಂಶಕಥೆಯಾದ ಚೂಳವಂಶ ಹೇಳುತ್ತದೆ. ವ್ಯಾಪಾರದ ನಂಟೂ ಇತ್ತು. ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮೂಲನೆಲೆಯೆಂದು ಹೇಳಿಕೊಳ್ಳುತ್ತಿದ್ದ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಶಾಸನಗಳು ಪದವಿಯ, ವಾಹಲ್ಕಡಗಳಂಥ ಲಂಕೆಯ ಊರುಗಳಲ್ಲಿ ದೊರೆತಿವೆ. 12ನೆಯ ಶತಮಾನದಲ್ಲಿ ಪರಾಕ್ರಮಬಾಹು ಪೊಲನ್ನರುವದ ಹಳೆಯ ಕೆರೆಗಳನ್ನು ಕೂಡಿಸಿ ಹಿಗ್ಗಿಸಿದ ಪರಾಕ್ರಮ ಸಮುದ್ರ ಈಗ 22 ಚದರ ಕಿ.ಮೀ. ಹರಡಿದೆ. 150 ಎಕರೆಯ ಹೆಬ್ಬಾಳ ಕೆರೆಗಳು ಅದರಲ್ಲಿ ಮೂವತ್ತಕ್ಕೂ ಹೆಚ್ಚು ಹಿಡಿಯುತ್ತವೆ. ಅವಶೇಷಗಳು ಹರಡಿಕೊಂಡಿರುವುದರಿಂದ ಬಾಡಿಗೆ ಸೈಕಲ್ ಅನುಕೂಲ. ಗಲ್ ವಿಹಾರದ ಮಲಗಿದ ಬುದ್ಧನನ್ನು ನೋಡಿ ಸಂಜೆಗೆ ಕೆರೆ ಏರಿಗೆ ಬರುವಂತೆ ದಿನವನ್ನು ಹೊಂದಿಸಿಕೊಳ್ಳಿ.

ಸಿಗಿರಿಯದಿಂದ ಪೊಲನ್ನರುವಕ್ಕೆ ಹೋಗುವ ದಾರಿಯಲ್ಲಿ ಬರುವ ಮಿನ್ನೇರಿಯ 3ನೆಯ ಶತಮಾನದ ಕೊನೆಯ ಹೊತ್ತಿಗೆ ಮಹಾಸೇನ ಕಟ್ಟಿಸಿದ ಕೆರೆ. ಜುಲೈನಿಂದ ಅಕ್ಟೋಬರಿನೊಳಗೆ ನೀರು ಹಿಂದೆ ಸರಿದಂತೆ ಅಂಗಳದಲ್ಲಿ ಎಳೆ ಹುಲ್ಲು ಚಿಗುರಿ, ಅದನ್ನು ಮೇಯಲು ಕಾಡಾನೆಗಳು ನೂರರ ಲೆಕ್ಕದಲ್ಲಿ ಸೇರುತ್ತವೆ. ಈಚಿನ ವರ್ಷಗಳಲ್ಲಿ ಹೊಸ ಜಲಾಶಯಗಳಿಂದ ಬೇಸಗೆಯಲ್ಲೂ ನೀರು ತುಂಬಿಸುವುದರಿಂದ ಹುಲ್ಲು ಮುಳುಗಿ ಆನೆಗಳು ಚದುರುತ್ತಿವೆ ಎಂಬ ದೂರು ಇದೆ. ಆದ್ದರಿಂದ ಮುಂಗಡ ಹಣ ಕೊಡುವ ಮೊದಲು ಆನೆಗಳು ಮಿನ್ನೇರಿಯದಲ್ಲಿವೆಯೋ ಪಕ್ಕದ ಕೌಡುಲ್ಲದಲ್ಲಿವೆಯೋ ಎಂದು ಹತ್ತಿರದ ಹಬರಣ ಊರಿನ ಜೀಪಿನವರನ್ನು ವಿಚಾರಿಸಿ.

ಇದಕ್ಕೆಲ್ಲ ಆಕ್ಷೇಪಗಳಿವೆ. ಲಂಕೆಗೆ ಹೋಗಿ ಸೀತೆಯ ಸ್ಥಳ ನೋಡದೆ ಬರುವುದೇ ಎಂದು ಮನೆಯ ಹಿರಿಯರು ಕೇಳುತ್ತಾರೆ. ನುವರ ಎಲಿಯದ ಬಳಿಯ ಸೀತಾ ಎಲಿಯ ದೇಗುಲಕ್ಕೆ, ಎಲ್ಲ ಎಂಬ ಊರಿನ ರಾವಣ ಜಲಪಾತಕ್ಕೆ ಕೊನೆಯ ಎರಡು ದಿನ ಇಟ್ಟುಕೊಳ್ಳಬಹುದು, ಸಿಗಿರಿಯದ ಹತ್ತಿರದ ದಂಬುಳ್ಳದಿಂದ ಕ್ಯಾಂಡಿ 70 ಕಿ.ಮೀ. ಅಷ್ಟೆ. ಆದರೆ ‘ರಾಮಾಯಣ ಮಾರ್ಗ’ ಪ್ರವಾಸೋದ್ಯಮ ಈ ಶತಮಾನದಲ್ಲಿ ಜೋಡಿಸಿದ ಪಟ್ಟಿ ಎಂಬುದು ಗೊತ್ತಿರಲಿ. ಪುರಾತನ ತೀರ್ಥಕ್ಷೇತ್ರವೇ ಬೇಕೆಂದರೆ ಹಬರಣದಿಂದ ಎರಡು ಗಂಟೆಯ ದಾರಿ, ತ್ರಿಕೋಣಮಲೆಯ ಕೋಣೇಶ್ವರವಿದೆ. ತೇವಾರದ ಕವಿಗಳು ಹಾಡಿದ ಗುಡಿ ಅದು. 17ನೆಯ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದ ಮೇಲೆ ಮತ್ತೆ ಎದ್ದು ನಿಂತಿದೆ. ಕಡಲು ಬೇಡುವ ಮಕ್ಕಳಿಗೂ ಅಲ್ಲಿಯೇ ಉತ್ತರವಿದೆ: ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಬೆಂತೋಟದ ಕಡೆ ಅಲೆ ಎದ್ದಿರುವಾಗ ತ್ರಿಕೋಣಮಲೆಯ ನಿಲಾವೆಳಿಯಲ್ಲಿ ಕಡಲು ಶಾಂತ. ಚಹಾ ತೋಟಗಳನ್ನು ನೋಡುವವರಿಗೆ ಒಂದು ಮಾತು ಸೇರಿಸಬೇಕು. ಆ ತೋಟಗಳ ತಮಿಳು ಕೂಲಿಕಾರರಲ್ಲಿ 5,25,000 ಮಂದಿಯನ್ನು ಭಾರತ ವಾಪಸು ಪಡೆಯಬೇಕೆಂದು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದ ಹೇಳಿತು. ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳು ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಂಡವು. ನುವರ ಎಲಿಯದ ಹಸಿರಿನ ಒಂದು ಎಳೆ ದಕ್ಷಿಣ ಕನ್ನಡಕ್ಕೆ ಹೀಗೆ ಬಂದಿದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಕೆರೆ ನೋಡಲು ದುಡ್ಡು ಕೊಟ್ಟು ವಿಮಾನ ಹತ್ತಬೇಕೆ, ಚನ್ನಗಿರಿಯ ಸೂಳೆಕೆರೆ ಇಲ್ಲವೆ? ಇದೆ, ಅಳತೆಯಲ್ಲಿ ಪರಾಕ್ರಮ ಸಮುದ್ರಕ್ಕೆ ಹೆಚ್ಚುಕಡಿಮೆ ಸರಿಸಾಟಿಯೂ ಹೌದು, ಅದನ್ನೂ ನೋಡಬೇಕು. ಆದರೆ ನಮ್ಮ ನಗರದ ಬಳಿ ಉಳಿದಿರುವುದು ಬಿಡಿ ಕೆರೆಗಳು. ಯಲಹಂಕದಿಂದ ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ ಇಳಿಯುವ ಸಾಲಿನಲ್ಲಿ ಇಂದು ಹರಿಯುವುದು ಬಹುಪಾಲು ಸಂಸ್ಕರಿಸಿದ ಕೊಳಚೆ ನೀರು; ಹೆಬ್ಬಾಳ–ನಾಗವಾರ ಕಣಿವೆಯ ಅಂಥ ನೀರನ್ನೇ ಎಚ್.ಎನ್. ವ್ಯಾಲಿ ಯೋಜನೆ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಏರಿಸುತ್ತಿದೆ. ರಾಜಕಾಲುವೆ ಒತ್ತುವರಿ ಏಕೆ ಅಪರಾಧವೆಂಬುದು ಕಾನೂನಿನ ಪುಸ್ತಕದಿಂದ ಅರ್ಥವಾಗದಿದ್ದರೆ ಅನುರಾಧಪುರದ ಹಳ್ಳಿಯಲ್ಲಿ ಅರ್ಥವಾಗುತ್ತದೆ, ಮೇಲಿನ ಕೋಡಿ ಮುಚ್ಚಿದರೆ ಕೆಳಗಿನವನ ಗದ್ದೆ ಒಣಗುತ್ತದೆ. ಮೂರನೆಯದಾಗಿ, ಈ ಕೆರೆಗಳು ರಾಜರ ಬಿಟ್ಟಿ ದುಡಿಮೆಯ ಫಲವಲ್ಲವೆ ಎಂಬ ಪ್ರಶ್ನೆ ಇದೆ. ದೊಡ್ಡ ಕೆರೆಗಳ ಮಟ್ಟಿಗೆ ಅದು ನಿಜ. ಆದರೆ ಬ್ರಿಟಿಷರು 1832ರಲ್ಲಿ ರಾಜಕಾರಿಯ ಎಂಬ ಆ ಕಡ್ಡಾಯ ದುಡಿಮೆಯನ್ನು ರದ್ದು ಮಾಡಿ, ಹೂಳೆತ್ತಲು ಬೇರೆ ಏರ್ಪಾಡು ಮಾಡದೆ ಬಿಟ್ಟಾಗ ಹಳ್ಳಿ ಕೆರೆಗಳು ಸೊರಗಿದವು. ಕಲಾವೆವ ದುರಸ್ತಿಯಾದದ್ದು 1887ರಲ್ಲಿ. 13ನೆಯ ಶತಮಾನದ ದಾಳಿಗಳ ನಂತರ ಏರಿಗಳು ಒಡೆದು ಒಣ ನಾಡು ಮಲೇರಿಯಾದ ಬೀಡಾಗಿತ್ತು ಎಂಬುದನ್ನೂ ಮರೆಮಾಚಬೇಕಿಲ್ಲ. 1934–35ರ ಮಲೇರಿಯಾದಲ್ಲಿ ದ್ವೀಪದಲ್ಲಿ ಸುಮಾರು 80,000 ಜನ ಸತ್ತರು. ಅದೇ ದೇಶವನ್ನು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಲೇರಿಯಾ ಮುಕ್ತವೆಂದು ಘೋಷಿಸಿತು. ಕಾರಣ ಖಚಿತವಾಗದ ಮೂತ್ರಪಿಂಡದ ಕಾಯಿಲೆ ಈಗ ಅಲ್ಲಿನ ರೈತರನ್ನು ಕಾಡುತ್ತಿದೆ. ಕೆರೆ ನಾಡು ಸ್ವರ್ಗವೆಂದು ಯಾರೂ ಹೇಳುತ್ತಿಲ್ಲ.

ಇನ್ನು ವ್ಯವಹಾರದ ಮಾತು. ಭಾರತೀಯರು ಹೊರಡುವ ಮೊದಲೇ ಇಟಿಎ ಎಂಬ ಅನುಮತಿಯನ್ನು ಸರ್ಕಾರಿ ಜಾಲತಾಣದಲ್ಲೇ ಪಡೆಯಬೇಕು. ಶುಲ್ಕದ ನಿಯಮ ಪದೇ ಪದೇ ಬದಲಾಗುವುದರಿಂದ ಏಜೆಂಟರ ಮಾತು ನಂಬದೆ ಆ ವಾರವೇ ನೋಡಿಕೊಳ್ಳಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು, ಸ್ಮಾರಕಗಳ ಟಿಕೆಟ್ ಕೌಂಟರಿಗೂ ಅದನ್ನು ಒಯ್ಯಿರಿ. ಸಾರ್ಕ್ ದೇಶದವರಿಗೆ ದರ ಕಡಿಮೆ, ಕೇಳಿ ಪಡೆಯಬೇಕು. 2024ರಿಂದ ಯುಪಿಐ ಅಲ್ಲಿಯೂ ಇದೆಯಾದರೂ ಹಳ್ಳಿಯ ಕಡೆ ನಗದು ಬೇಕು. ಸಸ್ಯಾಹಾರಿಗಳು ತೆಂಗಿನಕಾಯಿಯ ಪೊಲ್ ಸಂಬೋಲವನ್ನು ಕಣ್ಣುಮುಚ್ಚಿ ಹಾಕಿಸಿಕೊಳ್ಳಬಾರದು, ಅದರಲ್ಲಿ ಉಂಬಲಕಡ ಎಂಬ ಒಣಮೀನಿನ ಪುಡಿ ಇರುವುದು ಸಾಮಾನ್ಯ. ಅನ್ನ, ಬೇಳೆಯ ಪರಿಪ್ಪು, ಇಡಿಯಪ್ಪ, ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿನ ಮೇಲೆ ಬೈನೆ ಮರದ ಪಾಕ ಸುರಿದದ್ದು ಎಲ್ಲ ಕಡೆ ಸಿಗುತ್ತದೆ. ಗುಡಿ ವಿಹಾರಗಳಲ್ಲಿ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು. ಟೋಪಿ, ಚಪ್ಪಲಿ ಹೊರಗಿಡಬೇಕು, ಮಧ್ಯಾಹ್ನದ ಕಲ್ಲು ಕಾದಿರುವುದರಿಂದ ಕಾಲುಚೀಲ ಜೊತೆಗಿರಲಿ. ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದರೆ ಅಲ್ಲಿಯ ಜನ ನೊಂದುಕೊಳ್ಳುತ್ತಾರೆ. ಕಾಲದ ಬಗ್ಗೆ ಹೇಳುವುದಾದರೆ ಜುಲೈ, ಆಗಸ್ಟ್, ಸೆಪ್ಟೆಂಬರ್ ಈ ದಾರಿಗೆ ಹೇಳಿಮಾಡಿಸಿದ ತಿಂಗಳುಗಳು. ತುಂಬಿದ ಕೆರೆ ನೋಡಬೇಕೆಂದರೆ ಜನವರಿಯ ಕೊನೆ, ಫೆಬ್ರವರಿ. ಟಿಕೆಟ್ ಮಾಡಿಸುವ ಮೊದಲು ಪಂಚಾಂಗದಲ್ಲಿ ಹುಣ್ಣಿಮೆ ನೋಡಿ. ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ ರಜೆ. ಜೂನ್ ತಿಂಗಳ ಪೊಸೊನ್ ಹುಣ್ಣಿಮೆಗಂತೂ ಅನುರಾಧಪುರ, ಮಿಹಿಂತಲೆಗಳಿಗೆ ಲಕ್ಷಗಟ್ಟಲೆ ಯಾತ್ರಿಕರು ಬರುತ್ತಾರೆ. ಬೀದಿ ಬೀದಿಯಲ್ಲಿ ದನ್ಸಲ್ ಎಂಬ ಉಚಿತ ಊಟ ಸಿಗುತ್ತದೆ, ಕೋಣೆ ಮಾತ್ರ ಸಿಗುವುದಿಲ್ಲ.